ಐನೂರು ಕಾರ್ಡು, ಒಂದು ಲೇಯರು

ಮಧುಗಿರಿಯ ಒಂದು ತರಬೇತಿ ಕೇಂದ್ರದವರು ಹೋದ ವಾರ ನನಗೊಂದು ಕೆಲಸ ಒಪ್ಪಿಸಿದ್ದಾರೆ. ಗ್ರಾಫಿಕ್ ಡಿಸೈನು, ವೆಬ್ ಡಿಸೈನು ಕಲಿಯಲು ಬರುವವರಿಗೆ ದಿನವೂ ಕಿವಿಗೆ ಬೀಳುವ ಪದಗಳ ಅರ್ಥವನ್ನು ಕನ್ನಡದಲ್ಲಿ, ಎರಡು ಪುಟ ಮೀರದಂತೆ ಬರೆದುಕೊಡಬೇಕು. "ನಿಮಗೆ ಅರ್ಧ ಗಂಟೆ ಕೆಲಸ ಮೇಡಂ" ಅಂದರು. ಆರು ದಿನವಾಯಿತು. ಇದುವರೆಗೆ ಹನ್ನೊಂದು ಪದ ಮುಗಿದಿವೆ. ತಡವಾಗಲು ಕಾರಣ ಪದಗಳಲ್ಲ. ಒಂದೊಂದು ಪದ ಬರೆದಾಗಲೂ ಸಿರಾದ ಅಂಗಡಿಯೊಂದರಿಂದ ಯಾರಾದರೊಬ್ಬರು ಎದ್ದು ಬಂದು ಎದುರಿಗೆ ಕುಳಿತುಬಿಡುತ್ತಾರೆ.

ಎಂ.ಎ. ಮುಗಿಸಿ ಕಾಲೇಜು ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕಾಯುತ್ತಿದ್ದ ಎರಡೂವರೆ ವರ್ಷ ನಾನು ಸಿರಾದಲ್ಲಿ ನಯಾಜಣ್ಣನ ಪ್ರಿಂಟಿಂಗ್ ಅಂಗಡಿಯಲ್ಲಿ ಡಿಟಿಪಿ ಮಾಡುತ್ತಿದ್ದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಫ್ಲೆಕ್ಸು, ಆಮೇಲಾಮೇಲೆ ಒಂದೆರಡು ಶಾಲೆಗಳ ವೆಬ್‌ಸೈಟು. ನಯಾಜಣ್ಣ ಮೊದಲು ಬೋರ್ಡು ಬರೆಯುವ ಪೇಂಟರು. ಫ್ಲೆಕ್ಸು ಬಂದ ಮೇಲೆ ಬ್ರಷ್ಷು ತೊಳೆದಿಟ್ಟು ಕಂಪ್ಯೂಟರು ತಂದವರು. ಡಿಸೈನಿನ ಪದಗಳನ್ನು ನಾನು ಅಂತರ್ಜಾಲದಲ್ಲಿ ಓದಿ ಕಲಿತೆ, ಅವುಗಳ ಅರ್ಥವನ್ನು ಅವರಿಂದ ಕಲಿತೆ. ಹಾಗೆಂದು ಇದುವರೆಗೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಆಗ ಬರೆಯುತ್ತಿದ್ದ ಡೈರಿ ಈಗ ಬೇರೆ ಮಾತು ಹೇಳುತ್ತದೆ. ಉದಾಹರಣೆಗೆ ಬ್ಲೀಡ್. ಕಾಗದವನ್ನು ಕತ್ತರಿಸುವ ಗೆರೆಗಿಂತ ಆಚೆಗೂ ಒಂದಿಷ್ಟು ಬಣ್ಣ ಹರಿಸಿರಬೇಕು, ಇಲ್ಲದಿದ್ದರೆ ಬ್ಲೇಡು ಕೂದಲೆಳೆಯಷ್ಟು ಆಚೀಚೆಯಾದರೂ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. "ಗೋಡೆಗೆ ಸುಣ್ಣ ಹೊಡಿವಾಗ ಗೋಡೆ ಮುಗಿದ ಮ್ಯಾಲೂ ಬ್ರಷ್ಷು ಒಂದ್ ಬೆರಳು ಮುಂದಕ್ಕೆ ಹೋಗ್ಬೇಕು ಬೇಟಿ" ಎಂದು ನಯಾಜಣ್ಣ ಕೈ ಬೀಸಿ ತೋರಿಸಿದ್ದು ನನ್ನ ಕಣ್ಣ ಮುಂದೆ ಇದೆ. ಡೈರಿ ತೆಗೆದರೆ ಹೀಗಿದೆ: "ಬ್ಲೀಡ್ ಅಂದರೆ ರವಿಕೆ ಹೊಲಿಯುವಾಗ ಒಳಗೆ ಬಿಡುವ ಬಟ್ಟೆ ಇದ್ದ ಹಾಗೆ. ಪಕ್ಕದ ಟೈಲರ್ ಹೇಳಿದ್ದು." ಅಂದಮೇಲೆ ಕಣ್ಣ ಮುಂದೆ ಇರುವ ಆ ಕೈ, ಆ ಬ್ರಷ್ಷು ಎಲ್ಲಿಂದ ಬಂದವು? ಇಬ್ಬರೂ ಹೇಳಿರಬಹುದು. ಅಥವಾ ಇಬ್ಬರೂ ಹೇಳದೆ ನಾನೇ ಅಂದುಕೊಂಡು ಒಬ್ಬರ ಬಾಯಿಗೆ ಹಾಕಿರಬಹುದು. ಡೈರಿಯನ್ನೂ ಪೂರಾ ನಂಬುವಂತಿಲ್ಲ. ಅದು ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟ ಡೈರಿ. ಎಷ್ಟೋ ದಿನ ಬರೆಯದೆ ಬಿಟ್ಟು, ಭಾನುವಾರ ಕುಳಿತು ಇಡೀ ವಾರವನ್ನು ತುಂಬಿಸುತ್ತಿದ್ದೆ.

ವೈಟ್ ಸ್ಪೇಸಿನ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ, ಅದು ಪೆಟ್ಟು ತಿಂದು ಕಲಿತದ್ದು. ಅಕ್ಷರಗಳ ಸುತ್ತ ಖಾಲಿ ಜಾಗ ಬಿಟ್ಟರೆ ಓದುವವರಿಗೆ ಹಿತ ಎಂದು ಎಲ್ಲೋ ಓದಿಕೊಂಡು ಬಂದು, ತೋವಿನಕೆರೆಯಿಂದ ಬಂದಿದ್ದ ಮುಖಂಡರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಬಲಗಡೆ ಅಷ್ಟೂ ಆಕಾಶ ಬಿಟ್ಟಿದ್ದೆ.

"ಇದೇನಮ್ಮ, ಈ ಕಡೆ ಬಯಲು ಬುಟ್ಟಿದ್ದೀಯಾ?"

"ಕಣ್ಣಿಗೆ ಆರಾಮ ಇರಲಿ ಅಂತ ಅಣ್ಣ."

"ಆರಾಮ ಬೇಕಾದೋರು ಮನೇಲಿ ಮಲಿಕ್ಕೊಂತಾರೆ. ನಮ್ ಹುಡುಗ್ರು ಹದಿನಾರು ಜನ ಅವ್ರೆ, ಎಲ್ರುನೂ ಅಲ್ಲಿಗೆ ಹಾಕು."

ಹದಿನಾರು ಮುಖಗಳನ್ನೂ ಹಾಕಿದೆ. ಮಾರನೆಯ ದಿನ ಅವರಲ್ಲೊಬ್ಬರು ಬಂದು, ನೆಲದ ಮೇಲೆ ಹಾಸಿದ್ದ ಫ್ಲೆಕ್ಸಿನ ಮೇಲೆ ಮಂಡಿಯೂರಿ, ಗೇಣು ಹಾಕಿ ಮುಖಗಳನ್ನು ಅಳೆದರು. "ಅವನ್ ಮಖ ಒಂದ್ ಗೇಣು, ನಂದು ಚೋಟುದ್ದ. ಯಾಕೆ, ನಾನ್ ಫೋಟೋ ಕೊಡಲಿಲ್ವಾ?" ಡಿಸೈನಿನಲ್ಲಿ ಹೈರಾರ್ಕಿ ಎನ್ನುತ್ತಾರಲ್ಲ, ಯಾವುದು ಮೊದಲು ಕಣ್ಣಿಗೆ ಬೀಳಬೇಕು, ಯಾವುದು ಆಮೇಲೆ ಎನ್ನುವ ಲೆಕ್ಕ, ಅದರ ಮೇಲೆ ಅಷ್ಟು ಚೊಕ್ಕ ಪಾಠವನ್ನು ನಾನು ಬೇರೆಲ್ಲೂ ಕೇಳಿಲ್ಲ.

ರೆಸ್ಪಾನ್ಸಿವ್ ಎಂಬುದನ್ನು ಬಸ್ಸಿನಲ್ಲಿ ಕಲಿತೆ. ಒಂದೇ ಪುಟ ದೊಡ್ಡ ಪರದೆಯಲ್ಲೂ ಅಂಗೈಯಷ್ಟು ಫೋನಿನಲ್ಲೂ ತಾನೇ ಒಗ್ಗಿಕೊಂಡು ಕೂರಬೇಕು. ಸಿರಾದಿಂದ ಮಧುಗಿರಿಗೆ ಸಂಜೆ ಹೊರಡುವ ಪ್ರೈವೇಟ್ ಬಸ್ಸಿನ ಕಂಡಕ್ಟರು ಬಡವನಹಳ್ಳಿ ಬರುವ ಹೊತ್ತಿಗೆ ಮೂವರ ಸೀಟಿನಲ್ಲಿ ನಾಲ್ವರನ್ನೂ, ನಾಲ್ವರ ತೊಡೆಯ ಮೇಲೆ ಎರಡು ಚೀಲ, ಒಂದು ಮಗುವನ್ನೂ ಕೂರಿಸಿ, "ಒಸಿ ಜರುಗಿ, ಇನ್ನೂ ಜಾಗ ಐತೆ" ಎನ್ನುತ್ತಿದ್ದ. ಯಾರೂ ಬಿದ್ದುಹೋಗುತ್ತಿರಲಿಲ್ಲ, ಯಾರ ಮುಖವೂ ಮುಚ್ಚಿಹೋಗುತ್ತಿರಲಿಲ್ಲ. ನಾನು ಮಾಡಿದ ಶಾಲೆಯ ವೆಬ್‌ಸೈಟಿನಲ್ಲಿ, ಫೋನಿನಲ್ಲಿ ತೆರೆದರೆ, ಹೆಡ್‌ಮಾಸ್ಟರ ತಲೆ ಅರ್ಧ ಕಾಣುತ್ತಿತ್ತು.

ಹನ್ನೆರಡನೆಯ ಪದ ಲೇಯರ್. ಅಲ್ಲಿಗೆ ಬಂದು ನಿಂತಿದ್ದೇನೆ.

ಅರ್ಥವೇನೋ ಸುಲಭ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಹಿನ್ನೆಲೆ ಒಂದರಲ್ಲಿ, ಗಣಪತಿ ಒಂದರಲ್ಲಿ, ಅಕ್ಷರ ಒಂದರಲ್ಲಿ. ಪ್ರತಿಯೊಂದರ ಪಕ್ಕದಲ್ಲೂ ಒಂದು ಪುಟ್ಟ ಕಣ್ಣಿನ ಚಿತ್ರ. ಅದನ್ನು ಒತ್ತಿದರೆ ಆ ಲೇಯರು ಮರೆಯಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ನಯಾಜಣ್ಣನ ಅಂಗಡಿಯಲ್ಲಿ ಇದಕ್ಕೊಂದು ಕಟ್ಟುನಿಟ್ಟಾದ ನಿಯಮವಿತ್ತು. ಗಿರಾಕಿ ಏನನ್ನು ತೆಗೆ ಎಂದರೂ ಅಳಿಸಬಾರದು. "ಅಳಿಸ್ಬ್ಯಾಡ ಬೇಟಿ. ಕಣ್ಣು ಮುಚ್ಚು, ಬಸ್. ನಾಳೆ ಬಂದು ಅದೇ ಬೇಕು ಅಂತಾರೆ." ಪೇಂಟರ್ ಆಗಿದ್ದಾಗ ಒಂದು ಎಣ್ಣೆ ಮಿಲ್ಲಿನ ಬೋರ್ಡಿನಲ್ಲಿ, ಅಣ್ಣತಮ್ಮಂದಿರು ಬೇರೆಯಾದರೆಂದು, ತಮ್ಮನ ಹೆಸರಿನ ಮೇಲೆ ನಯಾಜಣ್ಣನೇ ಬಿಳಿ ಬಣ್ಣ ಹೊಡೆದಿದ್ದರಂತೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಡಿಯ ಅಕ್ಷರ ಮೇಲೆ ಬಂತು. ಅಷ್ಟು ಹೊತ್ತಿಗೆ ಅಣ್ಣತಮ್ಮಂದಿರೂ ಒಂದಾಗಿದ್ದರು. ಬೋರ್ಡಿಗೆ ಇನ್ನೊಂದು ಕೈ ಬಣ್ಣ ಹಾಕುವ ಕೆಲಸ ತಪ್ಪಿತು.

ಲೇಯರ್ ಎಂದೊಡನೆ ನನಗೆ ನೆನಪಾಗುವ ಲಗ್ನಪತ್ರಿಕೆ ಗೌಡಗೆರೆ ಕಡೆಯ ಒಂದು ಹಳ್ಳಿಯ ಹನುಮಂತರಾಯಪ್ಪನವರದು. ಕಿರಿಯ ಮಗಳು ಭವ್ಯಳ ಮದುವೆ. ಮ್ಯಾಟರನ್ನು ಆ ಹುಡುಗಿಯೇ ನೋಟ್‌ಪುಸ್ತಕದ ಹಾಳೆಯಲ್ಲಿ ದುಂಡಗೆ ಬರೆದುಕೊಟ್ಟಿದ್ದಳು. ಹನುಮಂತರಾಯಪ್ಪ ಹಾಳೆಯನ್ನು ಮೇಜಿನ ಮೇಲಿಟ್ಟು, ಬಿತ್ತನೆ ಬೀಜ ನೋಡಿಕೊಂಡು ಬರುತ್ತೇನೆಂದು ಹೋದರು. ನಾನು ಇದ್ದದ್ದನ್ನು ಇದ್ದ ಹಾಗೆ ಟೈಪು ಮಾಡಿದೆ. ಅವರು ಮರಳಿ ಬಂದು, ಪ್ರೂಫಿನ ಮೇಲೆ ಬೆರಳಿಟ್ಟು ಸಾಲುಸಾಲೇ ಓದುತ್ತಾ ಕೊನೆಯಲ್ಲಿ, ಸುಖಾಗಮನ ಬಯಸುವವರ ಪಟ್ಟಿಯ ಮೊದಲ ಸಾಲಿನಲ್ಲಿ ನಿಂತರು. ಅಲ್ಲಿ "ಶ್ರೀಮತಿ ಸುಜಾತ ಮತ್ತು ಶ್ರೀ ನರಸಿಂಹಮೂರ್ತಿ, ಪಾವಗಡ" ಎಂದಿತ್ತು.

"ಇದನ್ ಯಾರ್ ಬರ್ದಿದ್ದು?"

"ನೀವು ಕೊಟ್ಟ ಹಾಳೇಲೇ ಇದೆ."

"ಅದು ಚಿಕ್ಕೋಳು ಬರ್ದಿರೋದು. ಅವ್ಳಿಗೇನ್ ಗೊತ್ತು. ತೆಗಿ ಇದನ್ನ."

ಜೇಬಿನಿಂದ ಪೆನ್ನು ತೆಗೆದು ಅವರೇ ಗೀಟು ಹಾಕಿದರು. ಬೆರಳು ಮತ್ತೆ ಮೇಲಕ್ಕೆ ಹೋಯಿತು. "ನಮ್ಮ ದ್ವಿತೀಯ ಪುತ್ರಿ ಚಿ.ಕುಂ.ಸೌ. ಭವ್ಯ" ಎಂಬಲ್ಲಿ, ದ್ವಿತೀಯದ ಮೇಲೆ ಇನ್ನೊಂದು ಗೀಟು. "ಇದೂನೂ. ಬರೀ ಪುತ್ರಿ ಅಂತ ಇರ್ಲಿ." ನಮ್ಮ ಕಡೆಯ ಲಗ್ನಪತ್ರಿಕೆಗಳಲ್ಲಿ ಮಗಳು ಎಷ್ಟನೆಯವಳು ಎಂದು ಹಾಕುವುದು ರೂಢಿ. ಜ್ಯೇಷ್ಠ, ದ್ವಿತೀಯ, ತೃತೀಯ, ಕನಿಷ್ಠ. ಅದನ್ನು ತೆಗೆಸಿದವರನ್ನು ನಾನು ಮೊದಲ ಸಲ ನೋಡಿದೆ. ಪ್ರೂಫಿನ ಕೆಳಗೆ ಸಹಿ ಹಾಕಿ, ಶುಕ್ರವಾರ ಬರುತ್ತೇನೆಂದು ಹೊರಟರು. ಗೀಟು ಹಾಕಿದ ಎರಡನ್ನೂ, ಆ ಸಾಲನ್ನೂ ಆ ಪದವನ್ನೂ, ಒಂದೇ ಲೇಯರಿಗೆ ಸರಿಸಿ ಕಣ್ಣು ಮುಚ್ಚಿದೆ.

ಮಾರನೆಯ ದಿನ ಬೆಳಿಗ್ಗೆ ಅವರ ಹೆಂಡತಿ ಬಂದರು, ರತ್ನಮ್ಮ. ಕೈಯಲ್ಲಿ ರವಿಕೆ ಬಟ್ಟೆಗಳ ಚೀಲ. ಪಕ್ಕದ ಟೈಲರ ಹತ್ತಿರ ಬಂದವರು, ಆಚೀಚೆ ನೋಡಿ ನಮ್ಮ ಅಂಗಡಿ ಹತ್ತಿದರು.

"ಭವ್ಯನ್ ಮದ್ವೆ ಕಾರ್ಡು ಮಾಡ್ತಿರೋಳು ನೀನೇ ಏನಮ್ಮ?"

"ಹೌದಮ್ಮ, ಕೂತ್ಕೊಳ್ಳಿ."

ಕೂರಲಿಲ್ಲ. "ಯಜಮಾನ್ರು ಏನೇನ್ ತೆಗೆಸಿದ್ರು?"

ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ನಾಲ್ಕು ವರ್ಷದ ಹಿಂದೆ ದೊಡ್ಡ ಮಗಳು ಸುಜಾತ ತನ್ನ ಜೊತೆಗೇ ಪಾಠ ಮಾಡುತ್ತಿದ್ದ ಬೇರೆ ಜಾತಿಯ ಮೇಷ್ಟರನ್ನು ಮದುವೆಯಾಗಿ ಪಾವಗಡಕ್ಕೆ ಹೋದದ್ದು, ಅಂದಿನಿಂದ ಅವರಪ್ಪ ಅವಳ ಹೆಸರೆತ್ತದೆ ಇರುವುದು, ಮೊಮ್ಮಗುವನ್ನು ತಾವು ಫೋನಿನಲ್ಲಷ್ಟೇ ನೋಡಿರುವುದು, ಎಲ್ಲವನ್ನೂ ಮಳೆ ಬೆಳೆಯ ಸುದ್ದಿ ಹೇಳುವ ಹಾಗೆ ಹೇಳಿದರು. ಆಮೇಲೆ, "ಹೆಸ್ರು ಹಾಕು ಅಂತ ನಾನ್ ಕೇಳಾಕಿಲ್ಲ. ಹೆಸ್ರು ಹಾಕಿದ್ರೆ ಮನೇಲಿ ಮದ್ವೆ ನಿಲ್ತದೆ. ಆ ಎರಡ್ನೇದು ಅನ್ನೋದು ಐತಲ್ಲ, ಅದೊಂದ್ ಇರ್ಲಿ ಕಣಮ್ಮ. ಎರಡ್ನೇದು ಅಂದ್ಮ್ಯಾಲೆ ಮೊದಲ್ನೇದು ಒಂದೈತೆ ಅಂತ ಓದೋರಿಗೆ ಗೊತ್ತಾಗ್ತದೆ. ನಂಗಷ್ಟು ಸಾಕು" ಅಂದರು.

"ಯಜಮಾನ್ರು ಸೈನ್ ಹಾಕಿದ್ದಾರಮ್ಮ."

"ಅವ್ರು ಸೈನ್ ಹಾಕಿಲ್ಲ ಅಂದ್ನಾ? ಎಲ್ಲಿ ಬರ್ತದೆ ಅದು, ತೋರ್ಸು."

ಪರದೆಯ ಮೇಲೆ ತೋರಿಸಿದೆ. 'ನಮ್ಮ' ಮತ್ತು 'ಪುತ್ರಿ'ಯ ನಡುವಿನ ಖಾಲಿ ಜಾಗದ ಮೇಲೆ ಬೆರಳಿಟ್ಟು ಒಂದು ಗಳಿಗೆ ನಿಂತಿದ್ದರು. ಆಮೇಲೆ ಚೀಲ ಎತ್ತಿಕೊಂಡು ಟೈಲರ ಅಂಗಡಿಗೆ ಹೋದರು.

ನಾನು ಆಗಲಿ ಎಂದೆನೋ ಇಲ್ಲವೋ? ಏನೂ ಹೇಳದೆ ಸುಮ್ಮನಿದ್ದೆ ಎಂದು ನನ್ನ ನೆನಪು. ಡೈರಿಯಲ್ಲಿ "ಆಗಲಿ ಅಂದೆ, ಅನ್ನಬಾರದಿತ್ತು" ಎಂದಿದೆ. ನಯಾಜಣ್ಣನಿಗೆ ಹೇಳಿದೆನೋ ಇಲ್ಲವೋ ಎರಡರಲ್ಲೂ ಇಲ್ಲ. ಅವರಿಗೆ ಹೇಳಿದ್ದರೆ ಒಪ್ಪುತ್ತಿರಲಿಲ್ಲ. ಸಹಿ ಹಾಕಿದ ಪ್ರೂಫಿನಲ್ಲಿ ಇದ್ದದ್ದೇ ಅಚ್ಚಾಗಬೇಕು, ಮ್ಯಾಟರು ಗಿರಾಕಿಯದು, ನಮ್ಮದಲ್ಲ ಎನ್ನುವುದು ಅವರ ಇನ್ನೊಂದು ನಿಯಮ. ಎಂ.ಎ. ಓದಿದ ಜಂಬದಲ್ಲಿ ನಾನು ಒಂದೆರಡು ಸಲ ಗಿರಾಕಿಗಳ ವಾಕ್ಯ ತಿದ್ದಿ ಬೈಸಿಕೊಂಡಿದ್ದೆ.

ಆ ದಿನ ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಗುವುದಿತ್ತು. ನಾವು ತರಿಸಿಟ್ಟಿದ್ದ ರೆಡಿಮೇಡ್ ಕಾರ್ಡುಗಳ ಮೇಲೆ ಮ್ಯಾಟರು ಅಚ್ಚಾಗಬೇಕು. ನಾನು ಬೆಳಕು ಹಾಯುವ ಬಟರ್ ಪೇಪರಿನ ಮೇಲೆ ಒಂದು ಪ್ರಿಂಟು ತೆಗೆದು ಕೊಟ್ಟರೆ, ಒಳಗಿನ ಕೋಣೆಯಲ್ಲಿ ನಯಾಜಣ್ಣ ಅದರಿಂದ ಪ್ಲೇಟು ಮಾಡಿ ಆಫ್‌ಸೆಟ್ ಮಶೀನಿಗೆ ಏರಿಸುತ್ತಿದ್ದರು. ಎರಡಕ್ಕೆ ಹತ್ತು ನಿಮಿಷವಿದ್ದಾಗ ಫೈಲು ತೆರೆದೆ. ಆ ಲೇಯರಿನ ಕಣ್ಣು ಒತ್ತಿದೆ. ದ್ವಿತೀಯ ಬಂತು. ಪ್ರಿಂಟು ಕೊಟ್ಟೆ. ಬಟರ್ ಪೇಪರ್ ಹೊರಬಂದು ಅದನ್ನು ಒಳಗೆ ಕೊಡುವಷ್ಟರಲ್ಲಿ ಯುಪಿಎಸ್ಸು ಕೂಗತೊಡಗಿತ್ತು. ಅದೇ ಲೇಯರಿನಲ್ಲಿ ಪುಟದ ಕೆಳಗಿನ ಸುಜಾತ-ನರಸಿಂಹಮೂರ್ತಿಯರ ಸಾಲೂ ಇತ್ತು, ಅದೂ ಬಂದಿತ್ತು. ಪರದೆಯಲ್ಲಿ ಪುಟದ ಮೇಲಿನ ಅರ್ಧ ಮಾತ್ರ ಕಾಣುತ್ತಿದ್ದುದರಿಂದ ನೋಡಲಿಲ್ಲ. ಕರೆಂಟು ಬಂದ ಮೇಲೆ ನಯಾಜಣ್ಣ ಐನೂರು ಕಾರ್ಡು ಹೊಡೆದರು. ಅವರು ಮಶೀನಿನ ಮುಂದೆ ಅಕ್ಷರ ಓದುವವರಲ್ಲ, ಇಂಕು ಎಲ್ಲೆಡೆ ಒಂದೇ ಸಮ ಕೂತಿದೆಯೇ ಎಂದಷ್ಟೇ ನೋಡುವವರು.

ಇದು ನಾನು ಹೇಳುತ್ತ ಬಂದಿರುವ ಕತೆ. ಬಟರ್ ಪೇಪರನ್ನು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ನಡೆದೆನಲ್ಲ, ಆಗಲೂ ನೋಡಲಿಲ್ಲವೇ? ಗೊತ್ತಿಲ್ಲ. ನೋಡಿದ್ದು ನೆನಪಿಲ್ಲ. ನೋಡದೆ ಇದ್ದದ್ದೂ ನೆನಪಿಲ್ಲ.

ಶುಕ್ರವಾರ ಹನುಮಂತರಾಯಪ್ಪ ಬಂದರು. ನಯಾಜಣ್ಣ ಕಟ್ಟೊಂದನ್ನು ಬಿಚ್ಚಿ ಮೇಲಿನ ಕಾರ್ಡನ್ನು ಕೊಟ್ಟರು. ಅವರು ಬೆಳಕಿಗೆ ಹಿಡಿದು ಮೊದಲ ಸಾಲಿನಿಂದ ಓದಿದರು. ನಾನೂ ಇನ್ನೊಂದು ಕಾರ್ಡು ತೆಗೆದು ನೋಡಿದೆ. ಕೆಳಗೆ ಸುಜಾತ-ನರಸಿಂಹಮೂರ್ತಿಯರ ಸಾಲು ಇತ್ತು. ದ್ವಿತೀಯದ ಮೇಲೆ ನಿಲ್ಲದೆ ದಾಟಿದ್ದ ಅವರಿನ್ನೂ ಅರ್ಧದಲ್ಲಿದ್ದರು. ಅವರು ಅಲ್ಲಿಗೆ ತಲುಪುವುದನ್ನು ಕಾಯುವುದು ಬಿಟ್ಟು ನನಗೆ ಬೇರೆ ದಾರಿ ಇರಲಿಲ್ಲ.

ತಲುಪಿದರು. ನಿಂತರು. ಕಾರ್ಡು ತಿರುಗಿಸಿ ಹಿಂಭಾಗ ನೋಡಿ, ಮತ್ತೆ ಮುಂಭಾಗಕ್ಕೆ ಬಂದರು.

"ತೆಗಿ ಅಂದಿದ್ನಲ್ಲ."

"ತಪ್ಪಾಯ್ತು ಸರ್. ಮುಚ್ಚಿಟ್ಟಿದ್ದೆ, ಹ್ಯಾಗೋ ತೆರ್ಕೊಂಡಿದೆ" ಎಂದೆ. ಆ ಕ್ಷಣದಲ್ಲಿ ಅದಕ್ಕಿಂತ ಒಳ್ಳೆಯ ವಾಕ್ಯ ಎಂ.ಎ.ಗೂ ಹೊಳೆಯಲಿಲ್ಲ.

ನಯಾಜಣ್ಣ ನನ್ನ ಕೈಯಿಂದ ಕಾರ್ಡು ಕಿತ್ತುಕೊಂಡು, ಫೈಲಿಗೆ ಸಿಕ್ಕಿಸಿದ್ದ ಪ್ರೂಫಿನೊಂದಿಗೆ ಹಿಡಿದು ನೋಡಿದರು. "ಅರೆ, ಇದು ನಮ್ದೇ ತಪ್ಪು ಯಜಮಾನ್ರೇ. ಸೋಮವಾರಕ್ಕೆ ಬ್ಯಾರೆ ಐನೂರು ಹೊಡ್ದು ನಾನೇ ಊರಿಗೆ ತಂದ್ಕೊಡ್ತೀನಿ. ಇವನ್ನ ಇಲ್ಲೇ ಬುಟ್ಟೋಗಿ."

ಹನುಮಂತರಾಯಪ್ಪ ಬೆಂಚಿನ ಮೇಲೆ ಕುಳಿತರು. "ಇವನ್ನೇನ್ ಮಾಡ್ತೀರಿ?"

"ಏನ್ ಮಾಡೋದು. ಹರ್ದು ರದ್ದಿಗೆ ಹಾಕೋದೇ."

"ಐನೂರೂನೂ ಹರೀತೀರಾ?"

"ಮತ್ತೆ?"

ಟೈಲರ ಮಶೀನು ಓಡುವ ಸದ್ದು ಕೇಳುತ್ತಿತ್ತು. ಅವರ ಹೆಬ್ಬೆರಳು ಆ ಸಾಲಿನ ಮೇಲೇ ಇತ್ತು. ಇಂಕು ಕೈಗೆ ಅಂಟುತ್ತದೆಯೋ ಎಂದು ನೋಡುವವರ ಹಾಗೆ ಒಂದು ಸಲ ಮೆಲ್ಲಗೆ ಉಜ್ಜಿದರು.

"ದೇವ್ರ ಹೆಸ್ರು ಇರೋದ್ನ ಹರಿಬಾರ್ದು" ಅಂದರು. "ಮ್ಯಾಲೆ ಲಕ್ಷ್ಮೀ ವೆಂಕಟೇಶ್ವರ ಪ್ರಸನ್ನ ಅಂತೈತೆ."

ನಯಾಜಣ್ಣ ನನ್ನ ಮುಖ ನೋಡಿದರು. ಪ್ರತಿ ವಾರವೂ ಆ ಅಂಗಡಿಯಲ್ಲಿ ಎಷ್ಟು ದೇವರುಗಳು ರದ್ದಿಗೆ ಹೋಗುತ್ತಿದ್ದರೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

"ಇರ್ಲಿ, ಕಟ್ಟಿ" ಎಂದು ಹನುಮಂತರಾಯಪ್ಪ ಎದ್ದರು. ಆಮೇಲೆ ನನ್ನ ಕಡೆ ತಿರುಗಿ, "ನೋಡಮ್ಮ, ಯಾರಾನ ಕೇಳಿದ್ರೆ ಪ್ರಿಂಟಿನೋರ್ದು ತಪ್ಪು ಅಂತ ಹೇಳ್ತೀನಿ. ನಿನ್ ಕೇಳಿದ್ರೂ ಅಂಗೇ ಹೇಳ್ಬೇಕು" ಅಂದರು.

"ನಿಜವಾಗ್ಲೂ ತಪ್ಪೇ ಸರ್ ಅದು."

"ಹೂಂ. ಅದನ್ನೇ ಹೇಳು."

ಅವರು ಹೋದ ಮೇಲೆ ನಯಾಜಣ್ಣ ನನಗೆ ಬೈಯುತ್ತಾರೆಂದು ಕಾದೆ. ಅವರು ಮಶೀನು ಒರೆಸುತ್ತಾ, "ಆ ಲೇಯರು ಮುಚ್ಚಿದ್ಯೋ ಇಲ್ಲಾ ಹಂಗೇ ಬುಟ್ಟಿದ್ಯೋ?" ಎಂದು ಕೇಳಿದರು. ಮುಚ್ಚಿದ್ದೆ ಅಂದೆ. "ಮುಚ್ಚಿದ್ದು ತಾನಾಗೇ ತೆರ್ಕೊಳ್ಳಾಕಿಲ್ಲ" ಎಂದು ಹೇಳಿ ಒಳಗೆ ಹೋದರು.

ನಾಲ್ಕೈದು ದಿನದ ಮೇಲೆ ಅಂಗಡಿಗೆ ಒಂದು ಫೋನು ಬಂತು. ಕಾರ್ಡಿನ ಹಿಂಭಾಗದ ಬುಡದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ನಮ್ಮ ಅಂಗಡಿಯ ಹೆಸರು, ನಂಬರು ಹಾಕುತ್ತಿದ್ದೆವು. ಅದನ್ನು ಓದಿ ಯಾರಾದರೂ ಫೋನು ಮಾಡಿದ್ದು ಅದೇ ಮೊದಲು. ಹೆಂಗಸಿನ ದನಿ, ಪಾವಗಡದಿಂದ.

"ಭವ್ಯನ್ ಮದ್ವೆ ಕಾರ್ಡು ಪ್ರಿಂಟ್ ಮಾಡಿದ್ದು ನೀವೇ ಅಲ್ವಾ? ನಾನು ಅವ್ಳಕ್ಕ, ಸುಜಾತ. ಅವ್ಳು ವಾಟ್ಸಪ್ಪಲ್ಲಿ ಫೋಟೋ ಕಳ್ಸಿದ್ಲು."

ಹಿಂದಿನಿಂದ ಒಂದು ಮಗು "ಅಮ್ಮಾ, ಎವರು?" ಎಂದು ತೆಲುಗಿನಲ್ಲಿ ಕೇಳುತ್ತಿತ್ತು. "ಉಂಡ್ರಾ" ಎಂದು ಅದನ್ನು ಸುಮ್ಮನಾಗಿಸಿ ಅವರು ಕೇಳಿದರು: "ಒಂದ್ ವಿಷ್ಯ ಹೇಳಿ. ನಮ್ ಹೆಸ್ರು ಅಪ್ಪ ಹಾಕ್ಸಿದ್ದಾ, ಇಲ್ಲಾ ತಪ್ಪಾಗಿ ಬಂದಿದ್ದಾ? ಅಮ್ಮನ್ ಕೇಳಿದ್ರೆ ಅಳ್ತಾಳೆ. ಭವ್ಯ ನಂಗೊತ್ತಿಲ್ಲ ಅಂತಾಳೆ. ತಪ್ಪಾಗಿ ಬಂದಿದ್ರೆ ನಾನು ಬರೋದಿಲ್ಲ. ಬಂದು ಅಲ್ಲಿ ಎಲ್ರ ಮುಂದೆ ಅವಮಾನ ಆಗೋದ್ ಬ್ಯಾಡ."

ಅವರಪ್ಪನಿಗೆ ಕೊಟ್ಟ ಮಾತು ನನ್ನ ಬಾಯಲ್ಲೇ ಇತ್ತು. "ತಪ್ಪು ನಮ್ದೇ" ಅಂದೆ. "ಆದ್ರೆ ನಿಮ್ಮಪ್ಪ ಅದನ್ನ ನೋಡಿದ್ರು. ಬೇರೆ ಮಾಡ್ಕೊಡ್ತೀವಿ, ಇವನ್ನ ಹರಿದು ಹಾಕ್ತೀವಿ ಅಂದ್ರೂ ಬೇಡ ಅಂದ್ರು. ಕಟ್ಟಿಸ್ಕೊಂಡು ತಗೊಂಡೋದ್ರು."

"ಓದಿದ್ರಾ? ಸರ್ಯಾಗಿ?"

"ಹೂಂ, ಬೆರಳಿಟ್ಟು ಓದಿದ್ರು."

"ಕನ್ನಡಕ ಹಾಕ್ಕೊಂಡಿದ್ರಾ?" ಎಂದು ಕೇಳಿದರು.

"ಹಾಕ್ಕೊಂಡಿದ್ರು" ಅಂದೆ.

ಹನುಮಂತರಾಯಪ್ಪನವರಿಗೆ ಕನ್ನಡಕ ಇತ್ತೇ ಇಲ್ಲವೇ ಎಂಬುದು ನನಗೆ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿಯದು. ಅವರ ಹೆಬ್ಬೆರಳಿನ ಉಗುರು ಹೇಗಿತ್ತೆಂದು ಹೇಳಬಲ್ಲೆ, ಮುಖ ಮಾತ್ರ ನೆನಪಾಗುವುದಿಲ್ಲ.

ಮದುವೆಗೆ ನಮ್ಮಿಬ್ಬರಿಗೂ ಕರೆ ಬಂದಿತ್ತು. ನನಗೆ ಹೋಗುವ ಧೈರ್ಯವಾಗಲಿಲ್ಲ, ಅಂಗಡಿ ನೋಡಿಕೊಳ್ಳುತ್ತೇನೆ ಅಂದೆ. ನಯಾಜಣ್ಣ ಹೋಗಿ ಮಧ್ಯಾಹ್ನ ಮೂರಕ್ಕೆ ಬಂದರು. ಸ್ಕೂಟರು ನಿಲ್ಲಿಸಿದವರು ಕೈಯಲ್ಲಿದ್ದ ಪೇಪರು ಪೊಟ್ಟಣವನ್ನು ನನ್ನ ಕೀಬೋರ್ಡಿನ ಪಕ್ಕ ಇಟ್ಟು, ಫ್ಯಾನಿನ ಕೆಳಗೆ ಕುಳಿತರು. ಸುಜಾತ ಬಂದಿದ್ದರಾ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು.

"ಆ ಯಜಮಾನ ಊಟಕ್ಕೆ ಕೂತೋರ್ಗೆಲ್ಲಾ ನನ್ನ ತೋರ್ಸಿ ತೋರ್ಸಿ, ಇವ್ರೇ ನೋಡ್ರಪ್ಪ ಕಾರ್ಡ್ನಾಗೆ ತಪ್ಪು ಮಾಡಿದೋರು, ಅಂತ ಹೇಳ್ದ. ನನ್ ಇಜ್ಜತ್ ಪೂರಾ ಕಳ್ದ. ಆಮ್ಯಾಲೆ ದೊಡ್ಡ್ ಮಗಳನ್ನ ಕರ್ದು, ಇವ್ರಿಗೆ ಇನ್ನೊಂದ್ ಒಬ್ಬಟ್ಟು ಹಾಕಮ್ಮ ಅಂದ. ಸಾಕು ಅಂದ್ರೂ ಆ ಹುಡುಗಿ ಎರಡ್ ಹಾಕಿ, ತುಪ್ಪ ಸುರ್ದುಬುಟ್ಲು."